ಸೇನಾ ನೆಲೆಯ ವ್ಯಾನು ಯಾರ ಲೆಕ್ಕಕ್ಕೆ?

2025ರ ಅಕ್ಟೋಬರಿನಲ್ಲಿ ಜರ್ಮನಿಯಿಂದ ಬಂದ ಒಂದು ಸುದ್ದಿ ತುಂಬ ಜನರನ್ನು ಗೊಂದಲಕ್ಕೆ ಹಾಕಿತು. ಬಜೆಟ್ ಪಾಸಾಗದೆ ಅಮೆರಿಕದಲ್ಲಿ ಸರ್ಕಾರಿ ಕೆಲಸಗಳು ನಿಂತುಹೋಗಿದ್ದವು. ಆಗ ಜರ್ಮನ್ ಸರ್ಕಾರ ಒಂದು ಮಾತು ಹೇಳಿತು: ತನ್ನ ನೆಲದ ಅಮೆರಿಕನ್ ಸೇನಾ ನೆಲೆಗಳಲ್ಲಿ ಕೆಲಸ ಮಾಡುವ ಸುಮಾರು 11 ಸಾವಿರ ಸ್ಥಳೀಯರ ಅಕ್ಟೋಬರ್ ಸಂಬಳವನ್ನು ತಾನೇ ಕೊಡುತ್ತೇನೆ ಅಂತ. ನೆಲೆ ಅಮೆರಿಕದ್ದು, ಕೆಲಸ ಅಮೆರಿಕದ್ದು. ಸಂಬಳ ಮಾತ್ರ ಜರ್ಮನಿ ಕೊಡೋದಾ? ಅಷ್ಟಕ್ಕೂ ಸೇನಾ ನೆಲೆಯೊಳಗೆ ಇಷ್ಟೊಂದು ಸ್ಥಳೀಯರು ಮಾಡುವ ಕೆಲಸವಾದರೂ ಏನು?

ಅಡುಗೆಮನೆ, ಗೋದಾಮು, ಕಚೇರಿ, ರಿಪೇರಿ ಶೆಡ್ಡು, ಬಸ್ಸಿನ ಸ್ಟೇರಿಂಗು, ಎಲ್ಲ ಕಡೆ ಅವರಿದ್ದಾರೆ. ಈ ಲೇಖನ ಕೊನೆಯ ಎರಡರ ಬಗ್ಗೆ. ಯಾಕೆಂದರೆ ನೆಲೆಯ ಗೇಟು ದಾಟಿ ದಿನವೂ ಊರಿನೊಳಗೆ ಬರುವುದು ಟ್ಯಾಂಕ್ ಅಲ್ಲ. ಸಾಮಾನು ತರುವ ಪಿಕಪ್ಪು, ಸಿಬ್ಬಂದಿಯನ್ನು ವಿಮಾನ ನಿಲ್ದಾಣಕ್ಕೆ ಬಿಡುವ ವ್ಯಾನು, ಅಧಿಕಾರಿಯ ಕಾರು. ಇವುಗಳ ನಿರ್ವಹಣೆ ಬೇಸರದ ಗುಮಾಸ್ತಿಕೆ ಅಂತ ಅನ್ನಿಸಬಹುದು. ಆದರೆ ಅಪಘಾತವಾದ ದಿನ ಸತ್ತವರ ಮನೆಯವರಿಗೆ ಪರಿಹಾರ ಹಕ್ಕಾಗಿ ಸಿಗುತ್ತದೋ ದಯೆಯಾಗಿ ಸಿಗುತ್ತದೋ ಅನ್ನುವುದು ಈ ಗುಮಾಸ್ತಿಕೆಯ ಮೇಲೆಯೇ ನಿಂತಿರುತ್ತದೆ.

ಯುದ್ಧಕ್ಕೆ ಹೋಗದ ಗಾಡಿಗಳು

ಅಮೆರಿಕದ ಸೇನೆಯಲ್ಲಿ ಇವುಗಳನ್ನು ನಾನ್-ಟ್ಯಾಕ್ಟಿಕಲ್ ವೆಹಿಕಲ್ ಅನ್ನುತ್ತಾರೆ, ಮಾತಿನಲ್ಲಿ ಎನ್‌ಟಿವಿ. ಅಂದರೆ ಹೋರಾಟಕ್ಕೆಂದು ಮಾಡದ, ಆಡಳಿತದ ಕೆಲಸಕ್ಕೆ ಇಟ್ಟುಕೊಂಡ ಗಾಡಿಗಳು. ಕಾರು, ವ್ಯಾನು, ಬಸ್ಸು, ಪಿಕಪ್ಪು, ಸಾಮಾನು ಸಾಗಿಸುವ ಲಾರಿ ಎಲ್ಲ ಇದರಲ್ಲೇ ಬರುತ್ತವೆ. ಶೋರೂಮಿನಲ್ಲಿ ನಾವು ನೋಡುವಂಥವೇ.

ಒಂದೊಂದು ಪಡೆಯದು ಒಂದೊಂದು ವ್ಯವಸ್ಥೆ. ಭೂಸೇನೆಗೆ ಇದಕ್ಕೆಂದೇ ಬೇರೆ ನಿಯಮಾವಳಿ ಇದೆ. ನೌಕಾಪಡೆಯಲ್ಲಿ ಕಟ್ಟಡ ಮತ್ತು ಎಂಜಿನಿಯರಿಂಗ್ ನೋಡಿಕೊಳ್ಳುವ ವಿಭಾಗವೇ ಗಾಡಿಗಳನ್ನೂ ನೋಡಿಕೊಳ್ಳುತ್ತದೆ. ವಾಯುಪಡೆಯ ಗಾಡಿಗಳ ಒಟ್ಟು ಲೆಕ್ಕ ಇಡುವ ತುಕಡಿ ವರ್ಜೀನಿಯಾದ ಲ್ಯಾಂಗ್ಲಿಯಲ್ಲಿದೆ. ಜರ್ಮನಿಯ ಒಂದು ನೆಲೆಗೆ ಎಷ್ಟು ವ್ಯಾನು ಬೇಕು ಅನ್ನುವ ಪ್ರಶ್ನೆ ಸಮುದ್ರ ದಾಟಿ ಅಲ್ಲಿಯವರೆಗೂ ಹೋಗುತ್ತದೆ.

ಗಾಡಿಯನ್ನು ಸ್ವಂತಕ್ಕೆ ಬಳಸುವಂತಿಲ್ಲ. ಸರ್ಕಾರಿ ಗಾಡಿಯನ್ನು ಬೇಕೆಂದೇ ದುರುಪಯೋಗ ಮಾಡಿದ ನಾಗರಿಕ ನೌಕರನಿಗೆ ಅಮೆರಿಕದ ಕಾನೂನು ಕನಿಷ್ಠ ಒಂದು ತಿಂಗಳು ಸಂಬಳವಿಲ್ಲದ ಅಮಾನತು ವಿಧಿಸುತ್ತದೆ. ಎಚ್ಚರಿಕೆ ಕೊಟ್ಟು ಬಿಡುವ ದಾರಿಯೇ ಇಲ್ಲ. ಮನೆಯಿಂದ ಕಚೇರಿಗೆ ಸರ್ಕಾರಿ ಕಾರಿನಲ್ಲಿ ಓಡಾಡುವುದಕ್ಕೂ ತಡೆ ಇದೆ. ಹಿರಿಯ ಹುದ್ದೆಯ ಕೆಲವರಿಗೆ, ಮತ್ತೆ ಕೆಲವು ವಿಶೇಷ ಸಂದರ್ಭಗಳಿಗೆ ವಿನಾಯಿತಿ. ಆದರೆ ಹೊರದೇಶದಲ್ಲಿ, ಸ್ಥಳೀಯ ಸಾರಿಗೆ ಅಪಾಯಕಾರಿಯಾಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ, ಆ ಪ್ರದೇಶದ ಸೇನಾ ಕಮಾಂಡರ್ ಯೋಧರಿಗೆ, ಸಿಬ್ಬಂದಿಗೆ, ಅವರ ಕುಟುಂಬದವರಿಗೂ ಸರ್ಕಾರಿ ಗಾಡಿ ಕೊಡಬಹುದು. ಸ್ವದೇಶದಲ್ಲಿ ತಪ್ಪಾಗಿರುವುದು ಹೊರಗೆ ಅಗತ್ಯವಾಗಬಹುದು ಅನ್ನುವುದನ್ನು ಕಾನೂನೇ ಒಪ್ಪಿಕೊಂಡಿದೆ.

ಮೈಲಿ ಎಣಿಸುವ ತೊಂದರೆ

ಲೆಕ್ಕಪರಿಶೋಧಕರ ವಾದ ಸರಳ. ಓಡದ ಗಾಡಿ ದಂಡ. ಅದಕ್ಕೆ ವಿಮೆಯಂಥ ಹೊಣೆ ಇದೆ, ಸರ್ವೀಸ್ ಖರ್ಚಿದೆ, ನಿಲ್ಲಿಸಲು ಜಾಗ ಬೇಕು. ಹಾಗಾಗಿ ಕಡಿಮೆ ಓಡುವುದನ್ನು ವಾಪಸ್ ಕೊಡಿ, ಇಲಾಖೆಗಳು ಹಂಚಿಕೊಂಡು ಬಳಸಲಿ ಅನ್ನುತ್ತಾರೆ. ಇದರಲ್ಲಿ ತಪ್ಪೇನಿಲ್ಲ. ಹಣ ತೆರಿಗೆದಾರರದು.

ತೊಂದರೆ ಇರುವುದು ಅಳತೆಗೋಲಿನಲ್ಲಿ. ಅಮೆರಿಕದ ಫೆಡರಲ್ ನಿಯಮದಲ್ಲಿರುವ ಮಾರ್ಗಸೂಚಿ ಪ್ರಕಾರ ಪ್ರಯಾಣಿಕರ ಕಾರು ವರ್ಷಕ್ಕೆ 12,000 ಮೈಲಿ ಓಡಬೇಕು. ಅಂದರೆ ಸುಮಾರು 19,300 ಕಿಲೋಮೀಟರ್. ಹಗುರ ಟ್ರಕ್ಕಿಗೆ 10,000 ಮೈಲಿ. ಊರಿಂದ ಊರಿಗೆ ನೂರಾರು ಮೈಲಿ ಇರುವ ದೇಶದಲ್ಲಿ ಕುಳಿತು ನೋಡಿದರೆ ಇದು ಸರಿಯಾಗೇ ಕಾಣುತ್ತದೆ. ಈಗ ಒಕಿನಾವಾ ನೋಡಿ. ಜಪಾನಿನ ದಕ್ಷಿಣದ ಈ ದ್ವೀಪದ ಉದ್ದ ಸುಮಾರು 106 ಕಿಲೋಮೀಟರ್, ಅಷ್ಟೇ. ಕಡೇನಾ ವಾಯುನೆಲೆಯಿಂದ ದಿನಕ್ಕೆ ಹತ್ತು ಸಲ ರನ್‌ವೇ ಬದಿಗೆ ಬಿಡಿಭಾಗ ತಲುಪಿಸುವ ಪಿಕಪ್ಪು ಇಡೀ ದಿನ ಕೆಲಸ ಮಾಡಿಯೂ ಮೂವತ್ತು ಕಿಲೋಮೀಟರ್ ದಾಟದೆ ಇರಬಹುದು. ಓಡೋಮೀಟರ್ ನೋಡಿದವರಿಗೆ ಅದು ಸೋಮಾರಿ ಗಾಡಿ. ಅದನ್ನು ಕಾಯುವ ಮೆಕ್ಯಾನಿಕ್‌ಗೆ ಅದಿಲ್ಲದೆ ವಿಮಾನ ಮೇಲೇಳುವುದಿಲ್ಲ.

ಇನ್ನೊಂದು ಅಡ್ಡ ಪರಿಣಾಮವೂ ಉಂಟು. ಮೈಲಿ ಕಡಿಮೆಯಾದರೆ ಗಾಡಿ ಹೋಗುತ್ತದೆ ಅಂತ ಗೊತ್ತಾದರೆ, ಮೈಲಿ ತುಂಬಿಸಲು ಸುಮ್ನೆ ಓಡಿಸುವ ಆಸೆ ಹುಟ್ಟುತ್ತದೆ. ಉಳಿತಾಯಕ್ಕೆ ಮಾಡಿದ ನಿಯಮ ಪೆಟ್ರೋಲ್ ಸುಡುವುದಕ್ಕೆ ಕಾರಣವಾಗುತ್ತದೆ. ಮತ್ತೆ ಕಡಲ ಉಪ್ಪುಗಾಳಿ. ಒಕಿನಾವಾದಂಥ ಜಾಗದಲ್ಲಿ ಗಾಡಿ ನಿಂತಲ್ಲೇ ತುಕ್ಕು ಹಿಡಿಯುತ್ತದೆ. ಎಂಜಿನ್ ಇನ್ನೂ ಹೊಸದರಂತಿರುತ್ತದೆ, ಕೆಳಗಿನ ಕಬ್ಬಿಣ ಮಾತ್ರ ಉದುರುತ್ತಿರುತ್ತದೆ. ಮೈಲಿಯೊಂದನ್ನೇ ನೋಡಿದರೆ ಇದು ಕಾಣುವುದೇ ಇಲ್ಲ.

ಹಾಗಾಗಿ ಎಷ್ಟು ಓಡಿತು ಅಂತ ಕೇಳುವ ಬದಲು ದಿನಕ್ಕೆ ಎಷ್ಟು ಸಲ ಹೊರಟಿತು, ಅದಿಲ್ಲದ ದಿನ ಯಾವ ಕೆಲಸ ನಿಂತಿತು ಅಂತ ಕೇಳಬೇಕು. ಹಾಗಂತ ನೆಲೆಯ ಅಧಿಕಾರಿಗಳ "ನಾಳೆ ತುರ್ತು ಬಂದರೆ" ಅನ್ನುವ ವಾದವನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ತುರ್ತಿನ ಹೆಸರಿನಲ್ಲಿ ಯಾವ ಗಾಡಿಯನ್ನಾದರೂ ಎಷ್ಟು ವರ್ಷವಾದರೂ ಇಟ್ಟುಕೊಳ್ಳಬಹುದು. ಅಂಬುಲೆನ್ಸಿಗೆ ಆ ವಾದ ಸರಿ. ಪ್ರತಿ ಕಚೇರಿಗೂ ಒಂದೊಂದು ಕಾರಿಗೆ ಅಲ್ಲ.

ಒಂದು ಚೀಟಿಯ ತೂಕ

ನೆಲೆಯ ಗಾಡಿಗಳನ್ನು ಇಟ್ಟು ಹಂಚುವ ಜಾಗಕ್ಕೆ ಮೋಟಾರ್ ಪೂಲ್ ಅನ್ನುತ್ತಾರೆ. ಅದರ ಕಿಟಕಿಯಲ್ಲಿ ಗಾಡಿ ಪಡೆಯುವಾಗ ಒಂದು ದಾಖಲೆ ಆಗುತ್ತದೆ. ಅದನ್ನು ಡಿಸ್ಪ್ಯಾಚ್ ಅನ್ನುತ್ತಾರೆ. ಯಾರು ಓಡಿಸುತ್ತಾರೆ, ಯಾವ ಕೆಲಸಕ್ಕೆ, ಎಲ್ಲಿಗೆ, ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ವಾಪಸ್, ಹೊರಟಾಗ ಓಡೋಮೀಟರ್ ಎಷ್ಟು ತೋರಿಸಿತ್ತು. ಗಾಡಿಯೊಳಗೆ ಅಪಘಾತವಾದರೆ ತುಂಬಬೇಕಾದ ಫಾರಂ ಕೂಡ ಇಟ್ಟಿರುತ್ತಾರೆ. ಜೊತೆಗೆ ಎದುರಿನವರಿಗೆ ಕೊಡಲು ಒಂದು ಗುರುತಿನ ಕಾರ್ಡು. ಇಷ್ಟೂ ಒಂದು ಲಕೋಟೆಯಲ್ಲಿ ಹಿಡಿಸುತ್ತದೆ.

ಈ ಲಕೋಟೆ ಯಾಕೆ ಮುಖ್ಯ ಅಂತ ತಿಳಿಯಲು ಒಪ್ಪಂದಗಳನ್ನು ನೋಡಬೇಕು. ಒಂದು ದೇಶದ ಸೇನೆ ಇನ್ನೊಂದು ದೇಶದಲ್ಲಿ ಇರುವಾಗ ಯಾವ ಕಾನೂನು ನಡೆಯುತ್ತದೆ ಅನ್ನುವುದಕ್ಕೆ ಸೋಫಾ (ಸ್ಟೇಟಸ್ ಆಫ್ ಫೋರ್ಸಸ್ ಅಗ್ರಿಮೆಂಟ್) ಅನ್ನುವ ಒಪ್ಪಂದ ಇರುತ್ತದೆ. ನ್ಯಾಟೋ ದೇಶಗಳದು 1951ರದು. ಜಪಾನಿನದು 1960ರದು. ಎರಡರಲ್ಲೂ ಒಂದೇ ಬಗೆಯ ಸೂತ್ರವಿದೆ. ಕರ್ತವ್ಯದ ಮೇಲಿದ್ದಾಗ ಆದ ಅಪರಾಧವಾದರೆ ವಿಚಾರಣೆ ಮಾಡುವ ಮೊದಲ ಹಕ್ಕು ಸೇನೆ ಕಳಿಸಿದ ದೇಶಕ್ಕೆ. ಕರ್ತವ್ಯದ ಹೊರಗೆ ಆದರೆ ಆತಿಥೇಯ ದೇಶಕ್ಕೆ.

ಪರಿಹಾರದ ಹಣಕ್ಕೂ ಹೀಗೇ. ಕರ್ತವ್ಯದಲ್ಲಿದ್ದ ಚಾಲಕನಿಂದ ಸ್ಥಳೀಯರಿಗೆ ಹಾನಿಯಾದರೆ, ಅವರು ತಮ್ಮ ದೇಶದ ಕಾನೂನಿನಂತೆಯೇ ತಮ್ಮ ಸರ್ಕಾರದ ಮುಂದೆ ಪರಿಹಾರ ಕೇಳಬಹುದು. ತಪ್ಪು ಪೂರ್ತಿ ಸೇನೆಯದೇ ಆದರೆ ಖರ್ಚಿನ 75 ಪಾಲು ಸೇನೆ ಕಳಿಸಿದ ದೇಶದ್ದು, 25 ಪಾಲು ಆತಿಥೇಯ ದೇಶದ್ದು. ಅಂದರೆ ತಮ್ಮ ರಸ್ತೆಯಲ್ಲಿ ಬೇರೆ ದೇಶದ ಸೇನೆ ಮಾಡಿದ ತಪ್ಪಿಗೂ ಅಲ್ಲಿನ ತೆರಿಗೆದಾರರು ಕಾಲು ಭಾಗ ಕಟ್ಟುತ್ತಾರೆ. ಕರ್ತವ್ಯದ ಹೊರಗಿನ ಘಟನೆಯಾದರೆ ದಾರಿ ಬೇರೆ. ಆಗ ಸೇನೆ ಕಳಿಸಿದ ದೇಶ ಕೃಪೆಯ ಹಣವಾಗಿ ಎಷ್ಟು ಕೊಡಬೇಕು ಅಂತ ತಾನೇ ತೀರ್ಮಾನಿಸುತ್ತದೆ. ಒಪ್ಪಂದದಲ್ಲಿ ಇನ್ನೊಂದು ಸಾಲು ಇದೆ: ಸೇನೆಯ ಗಾಡಿಯನ್ನು ಅನುಮತಿ ಇಲ್ಲದೆ ಬಳಸಿದಾಗ ಆದ ಹಾನಿಯೂ, ಸೇನೆಗೆ ಕಾನೂನಿನ ಹೊಣೆ ಇಲ್ಲದಿದ್ದರೆ, ಈ ಎರಡನೇ ದಾರಿಯಲ್ಲೇ ಹೋಗುತ್ತದೆ.

ಇದನ್ನು ಒಂದು ಕ್ಷಣ ಸಂತ್ರಸ್ತರ ಜಾಗದಲ್ಲಿ ನಿಂತು ಯೋಚಿಸಿ. ಅದೇ ವ್ಯಾನು, ಅದೇ ಚಾಲಕ, ಅದೇ ತಿರುವು, ಅದೇ ಗಾಯ. ಡಿಸ್ಪ್ಯಾಚ್ ಚೀಟಿ ಸರಿಯಿದ್ದರೆ ಪರಿಹಾರ ಹಕ್ಕು. ಚಾಲಕ ಯಾರಿಗೂ ಹೇಳದೆ ಕೀಲಿ ತೆಗೆದುಕೊಂಡು ಹೋಗಿದ್ದರೆ ಅದು ಕೃಪೆ. ಆ ಚೀಟಿ ಬರೆಯುವವರು ಸೇನೆಯವರೇ, ಇಟ್ಟುಕೊಳ್ಳುವವರೂ ಅವರೇ. ಹಾಗಾಗಿ ಚೀಟಿ ಸರಿಯಾಗಿ ಬರೆಯುವುದು, ಕೀಲಿ ಪೆಟ್ಟಿಗೆಗೆ ಬೀಗ ಹಾಕುವುದು, ವಾಪಸ್ ಬಂದ ಸಮಯ ಗುರುತು ಹಾಕುವುದು ಬರೀ ಕಚೇರಿ ಶಿಸ್ತಿನ ಮಾತಲ್ಲ. ಗೇಟಿನ ಹೊರಗೆ ಬದುಕುವವರ ನ್ಯಾಯ ಅದರಲ್ಲಿದೆ.

ಒಕಿನಾವಾದಲ್ಲಿ ಇದು ಬರೀ ಊಹೆಯಲ್ಲ. 2017ರ ನವೆಂಬರ್ 19ರಂದು ನಾಹಾ ನಗರದಲ್ಲಿ ಕುಡಿದ ಅಮೆರಿಕನ್ ಮರೀನ್ ಒಬ್ಬ ಓಡಿಸುತ್ತಿದ್ದ ಸೇನೆಯ ಟ್ರಕ್ಕು ಒಂದು ಸಣ್ಣ ಟ್ರಕ್ಕಿಗೆ ಗುದ್ದಿ 61 ವರ್ಷದ ಸ್ಥಳೀಯರೊಬ್ಬರು ಸತ್ತರು. ಅವನ ವಿಚಾರಣೆ ಜಪಾನಿನ ಕೋರ್ಟಿನಲ್ಲೇ ನಡೆಯಿತು. ಘಟನೆಯ ಬೆನ್ನಿಗೆ ಜಪಾನಿನಲ್ಲಿದ್ದ ಅಮೆರಿಕನ್ ಯೋಧರಿಗೆಲ್ಲ ಮದ್ಯ ನಿಷೇಧಿಸಿದರು. ಸುದ್ದಿಯಲ್ಲಿ ಮದ್ಯದ ಮಾತೇ ಜಾಸ್ತಿ ಬಂತು. ಆದರೆ ಇಂಥ ಪ್ರತಿ ಘಟನೆಯಲ್ಲೂ ಕೇಳಲೇಬೇಕಾದ ಮೊದಲ ಪ್ರಶ್ನೆ ಇನ್ನೊಂದಿದೆ: ಸರ್ಕಾರಿ ಗಾಡಿಯ ಕೀಲಿ ಆ ಹೊತ್ತಿನಲ್ಲಿ ಆ ಕೈಗೆ ಬಂದದ್ದು ಹೇಗೆ?

ಕರ್ತವ್ಯ ಅನ್ನುವ ಪದ ಎಷ್ಟು ದೂರ ಎಳೆಯುತ್ತದೆ ಅನ್ನುವುದಕ್ಕೂ ಅಲ್ಲೇ ಉದಾಹರಣೆ ಇದೆ. 2011ರ ಜನವರಿಯಲ್ಲಿ ನೆಲೆಯ ನಾಗರಿಕ ನೌಕರನೊಬ್ಬ ಕೆಲಸ ಮುಗಿಸಿ ಮನೆಗೆ ಹೋಗುವಾಗ ಆದ ಅಪಘಾತದಲ್ಲಿ 19 ವರ್ಷದ ಯುವಕ ಸತ್ತ. ಮನೆಗೆ ಹೋಗುವ ದಾರಿಯೂ ಕರ್ತವ್ಯವೇ ಅಂತ ಪರಿಗಣಿಸಿ ಜಪಾನಿನ ಪ್ರಾಸಿಕ್ಯೂಟರ್‌ಗಳು ಮೊದಲು ಕೇಸು ಕೈಬಿಟ್ಟರು. ಜನ ಸುಮ್ಮನಿರಲಿಲ್ಲ. ಅದೇ ನವೆಂಬರಿನಲ್ಲಿ ಎರಡೂ ಸರ್ಕಾರಗಳು ನಾಗರಿಕ ನೌಕರರ ವಿಷಯದಲ್ಲಿ ಹೊಸ ವಿಧಾನಕ್ಕೆ ಒಪ್ಪಿದವು, ಜಪಾನಿನಲ್ಲೇ ಕೇಸು ನಡೆಯಿತು. ಮರುತಿಂಗಳು ಇನ್ನೊಂದು ಬದಲಾವಣೆ. ಅಧಿಕೃತ ಸಮಾರಂಭದಲ್ಲಿ ಕುಡಿದು ಮನೆಗೆ ಗಾಡಿ ಓಡಿಸಿದರೆ ಅದನ್ನೂ ಕರ್ತವ್ಯ ಅಂತ ನೋಡಲು ಅವಕಾಶವಿದ್ದ 1956ರ ಹಳೆಯ ಒಪ್ಪಂದವನ್ನು ಆಗ ತಿದ್ದಿದರು. ಇಷ್ಟು ಸಹಜವಾದದ್ದನ್ನು ತಿದ್ದಲು 55 ವರ್ಷ ಬೇಕಾಯಿತು.

ರಸ್ತೆಯೇ ಬೇರೆ, ಪ್ಲಗ್ಗೂ ಬೇರೆ

ಜಪಾನ್ ಮತ್ತು ಬ್ರಿಟನ್ನಿನಲ್ಲಿ ಗಾಡಿ ಎಡಕ್ಕೆ. ಜರ್ಮನಿ, ಇಟಲಿ, ದಕ್ಷಿಣ ಕೊರಿಯಾದಲ್ಲಿ ಬಲಕ್ಕೆ. ಒಕಿನಾವಾ ಅಮೆರಿಕದ ಆಡಳಿತದಲ್ಲಿದ್ದಾಗ ಬಲಕ್ಕೆ ಓಡಿಸುತ್ತಿತ್ತು. 1972ರಲ್ಲಿ ಜಪಾನಿಗೆ ಮರಳಿದ ಮೇಲೆ, 1978ರ ಜುಲೈ 30ರಂದು ಇಡೀ ದ್ವೀಪ ಎಡಕ್ಕೆ ಬದಲಾಯಿತು. ಈಗಲೂ ಅಮೆರಿಕದಿಂದ ಬಂದ ಪ್ರತಿ ಹೊಸ ಚಾಲಕ ತನ್ನ ಮಟ್ಟಿಗೆ ಅದೇ ಬದಲಾವಣೆ ಮಾಡಿಕೊಳ್ಳಬೇಕು. ಆದರೆ ಜಪಾನ್ ಒಪ್ಪಂದದಂತೆ ಸೇನೆ ಕೊಟ್ಟ ಚಾಲನಾ ಪರವಾನಗಿಯನ್ನು ಬೇರೆ ಪರೀಕ್ಷೆಯಿಲ್ಲದೆ ಒಪ್ಪಬೇಕು. ಹಾಗಾಗಿ ಚಾಲಕನಿಗೆ ಸ್ಥಳೀಯ ರಸ್ತೆ ಕಲಿಸುವ ಪೂರ್ತಿ ಹೊಣೆ ನೆಲೆಯದೇ ಆಗುತ್ತದೆ.

ರಸ್ತೆಯ ಬದಿ ಮರೆತರೆ ಏನಾಗುತ್ತದೆ ಅನ್ನುವುದನ್ನು 2019ರ ಆಗಸ್ಟಿನಲ್ಲಿ ಬ್ರಿಟನ್ ನೋಡಿತು. ಕ್ರೌಟನ್ ನೆಲೆಯ ಹತ್ತಿರ ಅಮೆರಿಕನ್ ಸಿಬ್ಬಂದಿಯ ಕುಟುಂಬದವರೊಬ್ಬರ ಕಾರು ರಸ್ತೆಯ ತಪ್ಪು ಬದಿಯಲ್ಲಿ ಬಂದು 19 ವರ್ಷದ ಬೈಕ್ ಸವಾರ ಸತ್ತ. ಅದು ಖಾಸಗಿ ಕಾರು, ಎನ್‌ಟಿವಿ ಅಲ್ಲ. ಆದರೂ ಇಲ್ಲಿ ಹೇಳಲೇಬೇಕು. ಯಾಕೆಂದರೆ ನೆಲೆಯ ಬಸ್ಸು, ವ್ಯಾನು ಕಡಿಮೆ ಮಾಡಿದರೆ ಜನ ಓಡಾಟ ನಿಲ್ಲಿಸುವುದಿಲ್ಲ. ತಮ್ಮ ಕಾರಿನಲ್ಲಿ ಹೊರಡುತ್ತಾರೆ.

ಗಾಡಿ ಖರೀದಿಯಲ್ಲೂ ಇದೇ ಸಮಸ್ಯೆ. ಅಮೆರಿಕದಿಂದ ಹಡಗಿನಲ್ಲಿ ತರಿಸಿದರೆ ಸ್ಟೇರಿಂಗ್ ತಪ್ಪು ಕಡೆ ಇರಬಹುದು, ಗಾಡಿ ಓಣಿಗೆ ಅಗಲವಾಗಬಹುದು, ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕು. ಸ್ಥಳೀಯವಾಗಿ ಕೊಂಡರೆ ಇದೆಲ್ಲ ಇಲ್ಲ. ಅಮೆರಿಕದ ಸರಕನ್ನೇ ಕೊಳ್ಳಬೇಕೆನ್ನುವ ಹಳೆಯ ಕಾಯ್ದೆ ದೇಶದೊಳಗೆ ಬಳಸುವ ವಸ್ತುಗಳಿಗೆ ಮಾತ್ರ. ಹಾಗಾಗಿ ಹೊರಗೆ ಈ ದಾರಿ ತೆರೆದೇ ಇದೆ.

ವಿದ್ಯುತ್ ಗಾಡಿ ಬಂದ ಮೇಲೆ ಗೋಜಲು ಇನ್ನೂ ಹೆಚ್ಚಾಯಿತು. 2021ರ ಡಿಸೆಂಬರಿನಲ್ಲಿ ಅಧ್ಯಕ್ಷ ಬೈಡನ್ ಒಂದು ಆದೇಶ ಹೊರಡಿಸಿದರು. 2027ರ ಹೊತ್ತಿಗೆ ಸರ್ಕಾರ ಕೊಳ್ಳುವ ಹಗುರ ಗಾಡಿಗಳೆಲ್ಲ ಹೊಗೆ ಬಿಡದಂಥವಾಗಬೇಕು, 2035ರ ಹೊತ್ತಿಗೆ ಎಲ್ಲ ಗಾಡಿಗಳೂ ಅಂತ. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಅದನ್ನು ರದ್ದು ಮಾಡಿದರು. ಮೂರು ವರ್ಷದ ಯೋಜನೆ ಒಂದು ಸಹಿಗೆ ತಿರುಗಿತು. ಇದರ ನಡುವೆ ಪ್ಲಗ್ಗಿನ ವಿಷಯ ಇದ್ದೇ ಇದೆ. ಅಮೆರಿಕದ ಚಾರ್ಜಿಂಗ್ ಪ್ಲಗ್ಗು ಬೇರೆ, ಯುರೋಪಿನದು ಬೇರೆ, ಜಪಾನಿನ ಫಾಸ್ಟ್ ಚಾರ್ಜರ್ ಇನ್ನೂ ಬೇರೆ. ಜಪಾನಿನ ಮನೆಗಳ ವಿದ್ಯುತ್ 100 ವೋಲ್ಟ್, ಯುರೋಪಿನದು 230. ಒಂದೇ ಆದೇಶ ಮೂರು ಖಂಡಗಳಲ್ಲಿ ಮೂರು ಬೇರೆ ಕೆಲಸವಾಗುತ್ತದೆ. ಗಾಡಿ ಬದಲಿಸುವುದು ಸುಲಭ. ಗೋಡೆಯೊಳಗಿನ ತಂತಿ ಬದಲಿಸುವುದು ಹಾಗಲ್ಲ. ಅಲ್ಲಿನ ವಿದ್ಯುತ್ ಜಾಲ ಆತಿಥೇಯ ದೇಶದ್ದು.

ಗುರುತು ಕಾಣಬೇಕೋ ಬೇಡವೋ

1970ರ ಡಿಸೆಂಬರ್ 20ರಂದು ಮಧ್ಯರಾತ್ರಿ ಕಳೆದ ಮೇಲೆ ಒಕಿನಾವಾದ ಕೋಜಾದಲ್ಲಿ ಅಮೆರಿಕನ್ ಚಾಲಕನ ಕಾರು ಸ್ಥಳೀಯನೊಬ್ಬನಿಗೆ ತಗುಲಿತು. ವರ್ಷಗಳಿಂದ ಕೂಡಿಟ್ಟಿದ್ದ ಸಿಟ್ಟು ಒಡೆಯಿತು. ಜನ ಅಮೆರಿಕನ್ನರ ನಂಬರ್ ಪ್ಲೇಟ್ ನೋಡಿ ಆರಿಸಿ, ಸುಮಾರು 75 ಕಾರುಗಳಿಗೆ ಬೆಂಕಿ ಇಟ್ಟರು.

2011ರ ಮಾರ್ಚ್ 2ರಂದು ಜರ್ಮನಿಯ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಹೊರಗೆ ಅಮೆರಿಕನ್ ವಾಯುಪಡೆಯ ಬಸ್ಸೊಂದು ರಾಮ್‌ಸ್ಟೈನ್ ನೆಲೆಗೆ ಹೊರಟು ನಿಂತಿತ್ತು. ಬಂದೂಕುಧಾರಿಯೊಬ್ಬ ಆ ಬಸ್ಸಿನಲ್ಲಿದ್ದವರ ಮೇಲೆ ಗುಂಡು ಹಾರಿಸಿದ. ಇಬ್ಬರು ಸತ್ತರು, ಇಬ್ಬರಿಗೆ ಗಾಯವಾಯಿತು. ಸಿಬ್ಬಂದಿಯನ್ನು ಒಯ್ಯುವ ಸಾಮಾನ್ಯ ಬಸ್ಸದು.

ಭದ್ರತೆ ನೋಡುವವರು ಇದರಿಂದ ಕಲಿಯುವ ಪಾಠ: ಗಾಡಿ ಊರಿನ ಗಾಡಿಯಂತೆ ಕಾಣಲಿ. ಊರಿನವರ ಬೇಡಿಕೆ ಇದಕ್ಕೆ ತದ್ವಿರುದ್ಧ: ಗುದ್ದಿ ಹೋದ ಗಾಡಿ ಯಾರದು ಅಂತ ದೂರದಿಂದಲೇ ಗೊತ್ತಾಗಬೇಕು. ಜಪಾನಿನಲ್ಲಿ ಅಧಿಕೃತ ಗಾಡಿಗೆ ಗುರುತಿನ ಸಂಖ್ಯೆ ಇರಲೇಬೇಕು ಅಂತ ಒಪ್ಪಂದವೇ ಹೇಳುತ್ತದೆ, ಸಿಬ್ಬಂದಿಯ ಖಾಸಗಿ ಕಾರಿನ ಪ್ಲೇಟಿನಲ್ಲಿ ವೈ ಅಕ್ಷರ ಇರುತ್ತದೆ. ಇಬ್ಬರ ವಾದದಲ್ಲೂ ಹುರುಳಿದೆ. ನನಗೆ ಸರಿ ಅನ್ನಿಸುವ ದಾರಿ ಇದು: ಹೊರಗಿನಿಂದ ಎದ್ದು ಕಾಣದ ಗಾಡಿ ಇರಲಿ, ಆದರೆ ಅದರ ನಂಬರ್ ಹಿಡಿದು ಸ್ಥಳೀಯ ಪೊಲೀಸರು ಕೇಳಿದ ತಕ್ಷಣ ಆ ಹೊತ್ತಿನ ಚಾಲಕ ಯಾರು ಅನ್ನುವುದಕ್ಕೆ ಉತ್ತರ ಸಿಗಲಿ. ಮತ್ತೆ ನಾವು ಆ ಚೀಟಿಗೇ ಬಂದೆವು.

ಸ್ವಂತವೋ ಲೀಸೋ

ಸ್ವಂತ ಗಾಡಿಯಾದರೆ ಹಳೆಯದಾದ ಮೇಲೂ ತಲೆನೋವು ನೆಲೆಯದೇ. ಲೀಸಾದರೆ ಸ್ಥಳೀಯ ಕಂಪನಿ ತನ್ನ ದೇಶದ ನಿಯಮಕ್ಕೆ ಹೊಂದುವ ಗಾಡಿ ಕೊಡುತ್ತದೆ. ಜರ್ಮನಿಯಲ್ಲಿ ಹಿಮ ಬಿದ್ದ ರಸ್ತೆಗೆ ಚಳಿಗಾಲದ ಟೈರು ಕಡ್ಡಾಯ, ಅಂಥ ಟೈರು ಕೊಡುವ ಹೊಣೆಯನ್ನೂ ಕರಾರಿನಲ್ಲಿ ಕಂಪನಿಗೇ ಬರೆಯಬಹುದು. ಆದರೆ ವಾಪಸ್ ಕೊಡುವಾಗ ಪ್ರತಿ ಗೀರಿಗೂ ಹಣ ಕೇಳುತ್ತಾರೆ. ದಾಖಲೆ ಇಲ್ಲದಿದ್ದರೆ ಯಾರ ಕೈಯಲ್ಲಿ ಆದ ಗೀರು ಅಂತಲೂ ಗೊತ್ತಾಗುವುದಿಲ್ಲ.

ಹೊರಡುವ ದಿನದ ಲೆಕ್ಕ ಮೊದಲೇ ಇಡದಿದ್ದರೆ ಏನಾಗುತ್ತದೆ ಅನ್ನುವುದನ್ನು ಅಫ್ಘಾನಿಸ್ತಾನದ ಬಗ್ರಾಂ ತೋರಿಸಿತು. 2021ರ ಜುಲೈ ಮೊದಲ ದಿನಗಳಲ್ಲಿ ಅಮೆರಿಕನ್ನರು ರಾತ್ರೋರಾತ್ರಿ ನೆಲೆ ಬಿಟ್ಟರು. ಬೆಳಗ್ಗೆ ಒಳಗೆ ಬಂದ ಅಫ್ಘಾನ್ ಅಧಿಕಾರಿಗಳಿಗೆ ಸಾವಿರಾರು ನಾಗರಿಕ ಬಳಕೆಯ ಗಾಡಿಗಳು ಸಾಲಾಗಿ ನಿಂತದ್ದು ಕಂಡಿತು. ಎಷ್ಟೋ ಗಾಡಿಗಳಿಗೆ ಕೀಲಿಯೇ ಇರಲಿಲ್ಲ. ಆತಿಥೇಯರ ಕೈಗೆ ಸಿಕ್ಕಿದ್ದು ಅಂಗಳ ತುಂಬ ಓಡಿಸಲಾಗದ ಗಾಡಿಗಳು.

ಇನ್ನು ಮುಂದೆ

ಮೊದಲಿನ ಸಂಬಳದ ಪ್ರಶ್ನೆಗೆ ಬರೋಣ. ಹೊರದೇಶದ ನೆಲೆಯಲ್ಲಿ ಖರ್ಚು ಯಾವತ್ತೂ ಒಬ್ಬರದೇ ಆಗಿರುವುದಿಲ್ಲ. ಜಪಾನಿನಲ್ಲಿ ಅಮೆರಿಕನ್ ನೆಲೆಗಳ ಸುಮಾರು 25 ಸಾವಿರ ಸ್ಥಳೀಯ ಕೆಲಸಗಾರರನ್ನು ನೇಮಿಸಿಕೊಳ್ಳುವುದೇ ಜಪಾನ್ ಸರ್ಕಾರ. ದಕ್ಷಿಣ ಕೊರಿಯಾದಲ್ಲಿ ಖರ್ಚು ಹಂಚಿಕೆ ಒಪ್ಪಂದ ತಡವಾದಾಗ, 2020ರ ಏಪ್ರಿಲ್ 1ರಿಂದ ಸುಮಾರು 4 ಸಾವಿರ ಕೊರಿಯನ್ ಕೆಲಸಗಾರರನ್ನು ಸಂಬಳವಿಲ್ಲದೆ ಮನೆಗೆ ಕಳಿಸಿದ್ದರು. 2025ರಲ್ಲಿ ಅಮೆರಿಕದ ಬಜೆಟ್ 43 ದಿನ ನಿಂತಾಗ ಜರ್ಮನ್ ಸರ್ಕಾರ ಮುಂದೆ ಬಂದದ್ದಕ್ಕೂ ಇದೇ ಹಿನ್ನೆಲೆ. ಬಸ್ಸಿನ ಚಾಲಕ, ಗ್ಯಾರೇಜಿನ ಮೆಕ್ಯಾನಿಕ್ ಅಲ್ಲಿನ ಮತದಾರರು, ಅಲ್ಲಿನ ಕಾರ್ಮಿಕ ಕಾನೂನಿನ ಕೆಳಗೆ ಇರುವವರು.

ಇವರು ಇಲ್ಲದಾದರೆ ಆ ಕೆಲಸ ಯೋಧರ ಮೇಲೆ ಬೀಳುತ್ತದೆ. ಇಪ್ಪತ್ತು ವರ್ಷದಿಂದ ಆ ರಸ್ತೆಯಲ್ಲಿ ಬಸ್ಸು ಓಡಿಸಿದವರ ಜಾಗಕ್ಕೆ ಹೋದ ತಿಂಗಳು ಬಂದಿಳಿದ ಹುಡುಗ ಬರುತ್ತಾನೆ. ಆ ತಿರುವಿನಲ್ಲಿ ಶಾಲೆ ಇದೆ ಅಂತ ಅವನಿಗೆ ಗೊತ್ತಿಲ್ಲ. ಉಳಿತಾಯದ ಪಟ್ಟಿಯಲ್ಲಿ ಈ ಅಪಾಯಕ್ಕೆ ಕಾಲಂ ಇರುವುದಿಲ್ಲ.

ಜಪಾನ್ ಐದು ವರ್ಷಕ್ಕೆ ಸುಮಾರು 1.05 ಲಕ್ಷ ಕೋಟಿ ಯೆನ್ ಕೊಡುವ ಈಗಿನ ಒಪ್ಪಂದ 2027ರ ಮಾರ್ಚಿಗೆ ಮುಗಿಯುತ್ತದೆ. ಕೊರಿಯಾದ ಹೊಸ ಒಪ್ಪಂದ 2026ರಿಂದ 2030ರವರೆಗೆ, ಮೊದಲ ವರ್ಷಕ್ಕೆ ಸುಮಾರು 1.52 ಲಕ್ಷ ಕೋಟಿ ವೊನ್. ಮಾತುಕತೆಯ ಸುದ್ದಿ ಬಂದಾಗ ಒಟ್ಟು ಮೊತ್ತವೇ ತಲೆಬರಹವಾಗುತ್ತದೆ. ಅದರ ಕೆಳಗಿನ ಸಾಲುಗಳನ್ನು ನೋಡಿ: ಸ್ಥಳೀಯ ಕೆಲಸಗಾರರ ಸಂಬಳಕ್ಕೆ ಎಷ್ಟು, ಆ ಹುದ್ದೆಗಳಲ್ಲಿ ಎಷ್ಟು ಉಳಿದವು. ನಾಹಾದ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಲ್ಲುವ ವ್ಯಾನಿನ ಸ್ಟೇರಿಂಗ್ ಹಿಂದೆ ಯಾರು ಕೂತಿರುತ್ತಾರೆ ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ.